ನಿಂತರೆ ಬೀಳುವ ಹೊಳೆಮ್ಮ

ಹೊನ್ನೂರಮ್ಮನ ನಾಟಿ ಗುಂಪಿನಲ್ಲಿ ಹನ್ನೆರಡು ಹೆಂಗಸರಿದ್ದರು. ಕಂಪ್ಲಿ ಸುತ್ತಲಿನ ಗದ್ದೆಯವರು ಕಾಲುವೆಗೆ ನೀರು ಬಿಡುವ ಮೊದಲೇ ಅವಳ ಮನೆಗೆ ಬಂದು ದಿನ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ಅವಳ ಗುಂಪು ಹಚ್ಚಿದ ಸಾಲು ದಾರ ಹಿಡಿದಂತೆ ನೇರ, ಒಪ್ಪಿಕೊಂಡ ಗದ್ದೆ ಹೊತ್ತು ಮುಳುಗುವುದರೊಳಗೆ ಮುಗಿದೇ ಮುಗಿಯುತ್ತದೆ ಎಂಬ ಹೆಸರಿತ್ತು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಐವತ್ತು ದಾಟಿದ ಹೊನ್ನೂರಮ್ಮ ಮೈಗಳ್ಳತನವನ್ನು ಎಂದೂ ಸಹಿಸಿದವಳಲ್ಲ. ಹೆತ್ತು ಮೂರು ತಿಂಗಳಾಗದ ಸ್ವಂತ ಸೊಸೆಗೂ ರಿಯಾಯಿತಿ ಕೊಟ್ಟಿರಲಿಲ್ಲ.

ಆ ಗುಂಪಿನಲ್ಲಿ ಎಲ್ಲರಿಗಿಂತ ಚುರುಕಾದ ಕೈ ಹೊಳೆಮ್ಮನದು. ಸಂಡೂರು ತಾಲೂಕಿನ ಚೋರನೂರಿನಿಂದ ಮದುವೆಯಾಗಿ ಬಂದವಳು. ಜೋಳ, ಶೇಂಗಾದ ಒಣಬೇಸಾಯ ಬಿಟ್ಟರೆ ಬೇರೆ ಕಂಡವಳಲ್ಲ. ಮೊಣಕಾಲ ಮಟ ಕೆಸರಿನಲ್ಲಿ ನಿಲ್ಲುವುದು ಹೇಗೆ, ಸಸಿಯನ್ನು ಎಷ್ಟು ಆಳಕ್ಕೆ ಒತ್ತಬೇಕು, ಹಿಂದಕ್ಕೆ ಸರಿಯುವಾಗ ಕಾಲು ಹೇಗೆ ಎತ್ತಬೇಕು ಎಂಬುದನ್ನೆಲ್ಲ ಕೈ ಹಿಡಿದು ಕಲಿಸಿದವಳು ಹೊನ್ನೂರಮ್ಮನೇ. ಒಂದೇ ಓಣಿಯವರು. ಹೊಳೆಮ್ಮ ಅವಳನ್ನು ಬಾಯಿ ತುಂಬ ‘ಯಕ್ಕಾ’ ಎನ್ನುತ್ತಿದ್ದಳು. ಹನ್ನೆರಡು ವರ್ಷ ಹಾಗೆ ನಡೆದಿತ್ತು.

೧೯೮೬ರ ಮುಂಗಾರಿನಲ್ಲಿ ಅದು ಕೆಟ್ಟಿತು.

ಹೊಳೆಮ್ಮ ಬೀಳತೊಡಗಿದಳು. ಬಗ್ಗಿ ನಾಟಿ ಹಚ್ಚುವಾಗ ಏನೂ ಇಲ್ಲ, ಎಲ್ಲರಿಗಿಂತ ಎರಡು ಮಾರು ಮುಂದೆ. ಅದೇ ಸಸಿಮಡಿಯಿಂದ ಸಸಿಯ ಹೊರೆ ಹೊತ್ತು ತರುವ ಸರದಿ ಬಂತೆಂದರೆ ಹತ್ತು ಹೆಜ್ಜೆಗೆ ಮುಖ ಬಿಳಿಚಿ, ಏದುಸಿರು ಬಿಟ್ಟು, ದೊಪ್ಪನೆ ಕೂಡುತ್ತಿದ್ದಳು. ಎರಡು ಸಲ ಪೂರಾ ಬಿದ್ದೇ ಬಿಟ್ಟಳು. ಬಿದ್ದವಳ ಮುಖಕ್ಕೆ ನೀರು ಹಾಕಲು ಯಾರಾದರೂ ಓಡುವಷ್ಟರಲ್ಲಿ ತಾನೇ ಕಣ್ಣು ಬಿಟ್ಟು, ‘ಏನಿಲ್ಲ, ಹೋಗ್ರಿ’ ಎನ್ನುತ್ತಿದ್ದಳು. ಅವಳ ಪಾಲಿನ ಹೊರೆಯನ್ನು ಉಳಿದವರು ಹೊತ್ತರು. ಒಂದು ದಿನ ಹೊತ್ತರು, ಎರಡು ದಿನ ಹೊತ್ತರು, ಮೂರನೆಯ ದಿನ ಗೊಣಗಿದರು.

‘ಹಚ್ಚಾಕ ಆಗ್ತೈತಿ, ಹೊರಾಕ ಆಗಂಗಿಲ್ಲಂತ. ಇದ್ಯಾವ ಬ್ಯಾನಿ?’ ಎಂದು ಗುಂಪಿನ ಎರ್ರಮ್ಮ ಬದುವಿನ ಮೇಲೆ ಎಲ್ಲರಿಗೂ ಕೇಳುವಂತೆಯೇ ಅಂದಳು.

ಮೂರನೆಯ ಸಲ ಹೊಳೆಮ್ಮ ಬಿದ್ದದ್ದು ವಿರೂಪಾಕ್ಷಪ್ಪನವರ ಗದ್ದೆಯಲ್ಲಿ, ತಲೆಯ ಮೇಲಿನ ಹೊರೆಯ ಸಮೇತ. ಸಸಿಯೆಲ್ಲ ಕಾಲುವೆಯ ಪಾಲಾಯಿತು. ವಿರೂಪಾಕ್ಷಪ್ಪ ಅಕ್ಕಿ ಗಿರಣಿಯ ಮಾಲೀಕರು, ದೊಡ್ಡ ಒಕ್ಕಲು, ಮೇಲಾಗಿ ಆ ಹೊತ್ತಿಗೆ ಬದುವಿನ ಮೇಲೇ ನಿಂತಿದ್ದರು. ಅವರು ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಹೊನ್ನೂರಮ್ಮನಿಗೆ ಚುಚ್ಚಿತು. ಬಿದ್ದಲ್ಲಿಂದ ಹೊಳೆಮ್ಮ ಆಗಲೇ ಕಣ್ಣು ಬಿಟ್ಟು ಆಕಾಶ ನೋಡುತ್ತಿದ್ದಳು. ಉಸಿರು ಸರಾಗವಾಗಿತ್ತು. ಕೆನ್ನೆಗೆ ಬಣ್ಣ ಮರಳಿತ್ತು.

‘ಮಲಗಿದ ಕೂಡ್ಲೆ ಆರಾಮಾತೇನು?’ ಎಂದಳು ಹೊನ್ನೂರಮ್ಮ. ‘ನಾಳಿಂದ ಮನ್ಯಾಗೇ ಮಲಕ್ಕ. ನನ್ನ ಗುಂಪಿಗೆ ಬರಬ್ಯಾಡ.’

ಹೊಳೆಮ್ಮ ಎದ್ದು ಕುಳಿತಳು.  ಸೀರೆಯ ಕೆಸರು ಹಿಂಡಿಕೊಂಡು, ಬದುವಿನುದ್ದಕ್ಕೂ ನಾಲ್ಕು ಕಡೆ ಕುಳಿತು ಕುಳಿತು ಮನೆಗೆ ಹೋದಳು.

ಎರಡು ದಿನ ಕಳೆದು ಅವಳ ಗಂಡ ಜಂಬಯ್ಯ ಹೊನ್ನೂರಮ್ಮನ ಮನೆಗೆ ಬಂದ. ಅವನದು ಕಾಲುವೆಯ ತೂಬು ಕಾಯುವ ಕೆಲಸ. ನೀರು ಬಿಟ್ಟ ಕಾಲದಲ್ಲಿ ಅಲ್ಲಿಂದ ಅಲುಗಾಡುವಂತಿಲ್ಲ. ಜಗಳಕ್ಕೆ ಬಂದನೆಂದು ಹೊನ್ನೂರಮ್ಮ ಸೊಂಟ ಕಟ್ಟಿ ನಿಂತರೆ ಅವನು ಕೈಮುಗಿದ.

‘ಯಕ್ಕಾ, ನಾಳೆ ಹೊಸಪೇಟೆಗೆ ಡಾಕ್ಟ್ರ ಹತ್ರ ಹೋಗೋದೈತಿ ಆಕಿ. ಎರಡು ತಿಂಗಳಾತು, ಹಾರ್ಟಿನ್ಯಾಗ ಬಾಗಿಲು ಸಣ್ಣಾಗೇತಿ ಅಂತ ಮಾತ್ರೆ, ಸೂಜಿ ನಡದಾವು. ಕೆಲಸ ಹೋದೀತಂತ ಯಾರ ಮುಂದೂ ಹೇಳಿದ್ದಿಲ್ಲ ಆಕಿ. ಒಬ್ಬಾಕಿನ್ನ ಬಸ್ಸಿಗೆ ಕಳಸಾಕ ಧೈರ್ಯ ಇಲ್ಲ. ನೀ ಒಂದು ದಿನ ಜತಿಗೆ ಹೋಗಿ ಬಾ.’

ಹೊನ್ನೂರಮ್ಮ ಒಪ್ಪಿದಳು. ಕರುಣೆಯಿಂದ ಒಪ್ಪಿದಳೆಂದು ಜಂಬಯ್ಯ ತಿಳಿದ. ಅವಳ ಮನಸ್ಸಿನಲ್ಲಿದ್ದದ್ದೇ ಬೇರೆ. ಡಾಕ್ಟರನ್ನೂ ಇವಳು ನಂಬಿಸಿದ್ದಾಳೆ, ಅವರ ಎದುರಿಗೇ ಇವಳ ನಾಟಕ ಬಯಲಾಗಲಿ, ಊರವರ ಮುಂದೆ ತಾನು ಮಾಡಿದ್ದು ಸರಿಯೆಂದಾಗಲಿ ಎಂಬುದು ಅವಳ ಲೆಕ್ಕ. ಗುಂಪಿನಿಂದ ತೆಗೆದುಹಾಕಿದ ಮೇಲೆ ಓಣಿಯಲ್ಲಿ ಒಂದಿಬ್ಬರು ಅವಳನ್ನು ಓರೆಗಣ್ಣಿನಿಂದ ನೋಡಿದ್ದರು.

ಡಾಕ್ಟರ್ ಮರಿಸ್ವಾಮಿಯವರ ದವಾಖಾನೆ ಹೊಸಪೇಟೆಯ ಸ್ಟೇಷನ್ ರಸ್ತೆಯ ಒಂದು ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಹೊಳೆಮ್ಮ ಮೂರು ಕಡೆ ಕುಳಿತಳು. ಹೊನ್ನೂರಮ್ಮ ಕೈ ಕೊಡಲಿಲ್ಲ, ಮೇಲಿನ ಮೆಟ್ಟಿಲಲ್ಲಿ ನಿಂತು ಕಾದಳು. ಒಳಗೆ ಡಾಕ್ಟರು ಹೊಳೆಮ್ಮನನ್ನು ಮಂಚದ ಮೇಲೆ ಮಲಗಿಸಿ ಎದೆಗೆ ಸ್ಟೆತಾಸ್ಕೋಪ್ ಹಚ್ಚಿ ಕೇಳಿದರು. ನಲವತ್ತರ ಆಸುಪಾಸಿನ, ಮೆಲು ಮಾತಿನ ಮನುಷ್ಯ.

‘ಹೋದ ಸಲದಂಗೇ ಅದ. ಬಾಗಿಲು ಸಣ್ಣಾಗಿದ್ದಕ್ಕ ರಕ್ತ ಮುಂದಕ್ಕ ಹೋಗಾಕ ತ್ರಾಸಾಗ್ತದ. ರಾತ್ರಿ ಮಲಗಿದಾಗ ದಮ್ಮು ಹತ್ತಿ ಎದ್ದು ಕುಂದ್ರತೀರೇನ್ರಿ?’

‘ಇಲ್ರಿ,’ ಎಂದಳು ಹೊಳೆಮ್ಮ.

‘ಅಕಿ ಮಲಗಿದ್ರ ಏನೂ ಆಗಂಗಿಲ್ರಿ!’ ಹೊನ್ನೂರಮ್ಮ ಬಾಗಿಲ ಬಳಿಯಿಂದ ಒಳಗೇ ಬಂದುಬಿಟ್ಟಳು. ‘ನನ್ನ ಮಾತೂ ಒಂದಿಷ್ಟು ಕೇಳ್ರಿ ಡಾಕ್ಟ್ರೇ. ಹನ್ನೆರಡು ವರ್ಷ ನನ್ನ ಕೈಕೆಳಗ ದುಡದಾಳ, ನಾ ಕಂಡಿದ್ದು ಹೇಳ್ತೀನಿ. ದಿನಾ ಪೂರ್ತಿ ಬಗ್ಗಿ ನಾಟಿ ಹಚ್ಚಂದ್ರ ಹಚ್ತಾಳ, ಒಂದು ಸರ್ತಿ ಉಸ್ ಅನ್ನಂಗಿಲ್ಲ. ಎದ್ದು ನೆಟ್ಟಗ ನಿಂತ್ಲು ಅಂದ್ರ ದಮ್ಮು. ನಾಲ್ಕು ಹೆಜ್ಜಿ ಇಟ್ಲು ಅಂದ್ರ ಬಿದ್ಲು. ಬಿದ್ದು ಅಂಗಾತ ಮಲಗಿದ್ಲೋ, ನೀರು ಹಾಕೋದೂ ಬ್ಯಾಡ, ಗಾಳಿ ಹಾಕೋದೂ ಬ್ಯಾಡ, ತಾನೇ ಕಣ್ಣು ಬಿಡ್ತಾಳ. ಖರೇ ಬ್ಯಾನಿ ಇದ್ದಾಕಿಗೆ ಹಿಂಗ ಆಗ್ತೈತೇನ್ರಿ? ನೀವೇ ಹೇಳ್ರಿ.’

ಒಂದೇ ಉಸಿರಿಗೆ ಹೇಳಿ ಮುಗಿಸಿ ತೀರ್ಪಿಗೆ ಕಾಯುವವಳಂತೆ ನಿಂತಳು. ಹೊಳೆಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

‘ಇನ್ನೊಮ್ಮೆ ಹೇಳ್ರಿ, ಅಮ್ಮಾ. ನಿಧಾನಕ್ಕ. ಬಗ್ಗಿದಾಗ ಏನು, ನಿಂತಾಗ ಏನು, ಮಲಗಿದಾಗ ಏನು.’

ಹೊನ್ನೂರಮ್ಮ ಮತ್ತೆ ಹೇಳಿದಳು. ಈ ಸಲ ದನಿ ಅಷ್ಟು ಗಟ್ಟಿಯಿರಲಿಲ್ಲ. ಡಾಕ್ಟರು ಎದ್ದು ಬಂದು ಹೊಳೆಮ್ಮನ ಎದೆಗೆ ಮತ್ತೆ ಸ್ಟೆತಾಸ್ಕೋಪ್ ಇಟ್ಟರು. ಅಂಗಾತ ಮಲಗಿಸಿ ಕೇಳಿದರು, ಎಡಮಗ್ಗುಲಾಗಿಸಿ ಕೇಳಿದರು, ಕೂರಿಸಿ ಕೇಳಿದರು. ಕೊನೆಗೆ ಎರಡು ತೋಳು ಹಿಡಿದುಕೊಳ್ಳಲು ಹೊನ್ನೂರಮ್ಮನಿಗೇ ಹೇಳಿ, ಹೊಳೆಮ್ಮನನ್ನು ನೆಲದ ಮೇಲೆ ನಿಲ್ಲಿಸಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಹೊನ್ನೂರಮ್ಮನ ಕೈಯೊಳಗೆ ಹೊಳೆಮ್ಮನ ತೋಳು ತಣ್ಣಗಾಗುತ್ತ ಬಂತು. ಬೆರಳ ಕೆಳಗೆ ಬೆವರು ಒಡೆಯಿತು, ತುಟಿಯ ಬಣ್ಣ ಹೋಯಿತು, ಮೈಭಾರವೆಲ್ಲ ಒಮ್ಮೆಲೇ ಅವಳ ಮೇಲೆ ವಾಲಿತು. ಬೀಳುವವಳನ್ನು ಹೊನ್ನೂರಮ್ಮ ಅಷ್ಟು ಹತ್ತಿರದಿಂದ ಹಿಡಿದದ್ದು ಅದೇ ಮೊದಲು. ಇಂಥದ್ದನ್ನು ಯಾರೂ ಬೇಕೆಂದು ಮಾಡಲಾರರು ಎಂದು ಅವಳ ತಲೆಗಿಂತ ಮೊದಲು ಕೈಗೆ ಗೊತ್ತಾಯಿತು.

ಮಂಚದ ಮೇಲೆ ಮಲಗಿಸಿದರು. ಎರಡು ಕ್ಷಣದಲ್ಲಿ ಹೊಳೆಮ್ಮ ಕಣ್ಣು ಬಿಟ್ಟಳು.

‘ಎದ್ದು ನಿಂತಾಗ ಸಪ್ಪಳಾನೇ ಬದಲಾಗ್ತದ,’ ಎಂದರು ಡಾಕ್ಟರು, ಅರ್ಧ ತಮಗೇ ಹೇಳಿಕೊಳ್ಳುವಂತೆ. ‘ಬಾಗಿಲು ಸಣ್ಣಾಗಿಲ್ಲಮ್ಮಾ. ಒಳಗ ಏನೋ ಒಂದು ಗಡ್ಡೆ ಬೆಳದು ಜೋತಾಡಾಕ ಹತ್ತೇದ ಅಂತ ಅನ್ನಸ್ತದ. ನಿಂತಾಗ ಅದು ಕೆಳಗ ಜಾರಿ ಬಾಗಿಲಿಗೆ ಅಡ್ಡ ಬೀಳ್ತದ, ಆಗ ತಲಿಗೆ ರಕ್ತ ಹೋಗಂಗಿಲ್ಲ. ಬಗ್ಗಿದಾಗ, ಮಲಗಿದಾಗ ಅದು ಬಾಗಿಲು ಬಿಟ್ಟು ಸರೀತದ.’

‘ಗಡ್ಡಿ ಅಂದ್ರ ಕ್ಯಾನ್ಸರ್ ಏನ್ರಿ?’ ಹೊಳೆಮ್ಮ ಕೇಳಿದಳು.

‘ಹೃದಯದಾಗ ಬೆಳೆಯೋ ಇಂಥವು ಬಹುಪಾಲು ಕ್ಯಾನ್ಸರ್ ಅಲ್ಲ. ತೆಗೆದ್ರ ಹೋಯ್ತು. ಆದ್ರ ಜಲ್ದಿ ತೆಗೀಬೇಕು. ಅದರ ಚೂರು ಹರಿದು ಮಿದುಳಿಗೆ ಹೋದ್ರ ಪಾರ್ಶ್ವವಾಯು. ನೋಡೋ ಮಷೀನು ಇಲ್ಲಿಲ್ಲ, ವೆಲ್ಲೂರಿನ ದೊಡ್ಡ ದವಾಖಾನಿಗೆ ಕಾಗದ ಬರೆದುಕೊಡ್ತೀನಿ.’

ಕಾಗದ ಬರೆಯುತ್ತ ನಡುವೆ ತಲೆಯೆತ್ತಿ ಹೊನ್ನೂರಮ್ಮನ ಹೆಸರು ಕೇಳಿದರು. ‘ನೀವು ಕಂಡಿದ್ದನ್ನ ನಿಮ್ಮ ಹೆಸರಿನ ಮ್ಯಾಲೇ ಬರೀತೀನಿ. ಅವರಿಗೆ ಇದು ಭಾಳ ಮುಖ್ಯ ಆಗ್ತದ,’ ಎಂದರು. ಹೊನ್ನೂರಮ್ಮ ಹೆಸರು ಹೇಳಿದಳು. ಕಳ್ಳನನ್ನು ಹಿಡಿದುಕೊಡಲು ಬಂದವಳಿಗೆ ಸನ್ಮಾನ ಮಾಡಿದಂತಿತ್ತು. ಹೊಳೆಮ್ಮನ ಕಡೆ ನೋಡಲಾಗಲಿಲ್ಲ.

ಇನ್ನೂ ಅರ್ಧ ನಾಟಿ ಬಾಕಿಯಿತ್ತು. ಗುಂಪನ್ನು ಎರ್ರಮ್ಮನ ಕೈಗೆ ಒಪ್ಪಿಸಿ, ತಾನೇ ವೆಲ್ಲೂರಿಗೆ ಹೋಗುತ್ತೇನೆಂದು ಹೊನ್ನೂರಮ್ಮ ಹೇಳಿದಾಗ ಓಣಿಯವರಿಗೆಲ್ಲ ಆಶ್ಚರ್ಯ. ಹೆಂಗಸರ ವಾರ್ಡಿನಲ್ಲಿ ಇರಲು ಹೆಂಗಸೇ ಬೇಕು, ತನಗೆ ತೆಲುಗು ಬರುತ್ತದೆ, ಆ ಕಡೆ ಅದರಲ್ಲಿ ಹೇಗೋ ನಡೆಯುತ್ತದೆ ಎಂದಳು. ಅದೆಲ್ಲ ನಿಜವೇ. ಇನ್ನೊಂದು ಕಾರಣವನ್ನು ಯಾರಿಗೂ ಹೇಳಲಿಲ್ಲ. ಜಂಬಯ್ಯ ರಜೆ ಸಿಕ್ಕ ಮೇಲೆ ಬರುವುದೆಂದಾಯಿತು. ಖರ್ಚಿಗೆ ವಿರೂಪಾಕ್ಷಪ್ಪ ಮುಂದೆ ನಿಂತರು.

ಗುಂತಕಲ್ಲಿನಲ್ಲಿ ರೈಲು ಬದಲಿಸಬೇಕಿತ್ತು. ಮಲಗಿಸಿಕೊಂಡೇ ಕರೆದೊಯ್ಯಿರಿ ಎಂದು ಡಾಕ್ಟರು ಹತ್ತು ಸಲ ಹೇಳಿದ್ದರು. ಹೊನ್ನೂರಮ್ಮ ಜನರನ್ನು ನೂಕಿ ಒಳಗೆ ನುಗ್ಗಿ ಒಂದು ಬೆಂಚು ಹಿಡಿದು, ಹೊಳೆಮ್ಮನನ್ನು ಉದ್ದಕ್ಕೆ ಮಲಗಿಸಿ ತಾನು ಕೆಳಗೆ ಕುಳಿತಳು. ಮುಂದಿನ ನಿಲ್ದಾಣದಲ್ಲಿ ಗಂಡಹೆಂಡತಿ ಇಬ್ಬರು ಹತ್ತಿದರು. ಹೊಳೆಮ್ಮ ಮಲಗಿಕೊಂಡೇ ಬಾಳೆಹಣ್ಣು ತಿನ್ನುತ್ತಿದ್ದಳು.

‘ಬಾಗುಂದಿ ಕದಾ? ಕೂರ್ಚೋಡಾನಿಕಿ ಏಮಿ?’ ಎಂದಳು ಹೆಂಗಸು. ಚೆನ್ನಾಗೇ ಇದ್ದಾಳಲ್ಲ, ಎದ್ದು ಕೂರಲು ಏನಾಗಿದೆ?

ಹೊನ್ನೂರಮ್ಮನ ಕಿವಿಗೆ ಅದು ತನ್ನದೇ ದನಿಯಂತೆ ಕೇಳಿಸಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ‘ಎದ್ದು ಕೂತರೆ ಇವಳ ಜೀವ ಹೋಗುತ್ತದೆ ತಾಯಿ, ನೋಡಿದರೆ ಗೊತ್ತಾಗುವುದಿಲ್ಲ,’ ಎಂದು ತೆಲುಗಿನಲ್ಲೇ ಮೆಲ್ಲಗೆ ಹೇಳಿದಳು. ಆ ಹೆಂಗಸು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೂ ಗಂಡನನ್ನು ಕರೆದುಕೊಂಡು ಬಾಗಿಲ ಕಡೆ ಹೋದಳು.

ಕಾಟ್ಪಾಡಿಯಲ್ಲಿ ಇಳಿದು, ವೆಲ್ಲೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಬೆಳಗಿನ ಹತ್ತು ಗಂಟೆ. ಮರಿಸ್ವಾಮಿಯವರ ಕಾಗದ ಓದಿದ ಲೇಡಿ ಡಾಕ್ಟರು ಅನಂತಪುರದ ಕಡೆಯವರು, ತೆಲುಗು ಮಾತು. ‘ಇದನ್ನು ಗಮನಿಸಿದವರು ನೀವೇನಾ?’ ಎಂದು ಹೊನ್ನೂರಮ್ಮನನ್ನು ಕೇಳಿ, ಪಕ್ಕದಲ್ಲಿದ್ದ ಎಳೆಯ ಡಾಕ್ಟರುಗಳಿಗೂ ತೋರಿಸಿದರು. ಅವಳು ಸೆರಗು ಬಿಗಿದುಕೊಂಡು ನೆಲ ನೋಡಿದಳು.

ಮಧ್ಯಾಹ್ನ ಹೊಳೆಮ್ಮನನ್ನು ಕತ್ತಲ ಕೋಣೆಯಲ್ಲಿ ಮಲಗಿಸಿ, ಎದೆಗೆ ಅಂಟು ಹಚ್ಚಿ ಚಿಕ್ಕ ಹಿಡಿಕೆಯಂಥದ್ದೊಂದನ್ನು ಆಡಿಸಿದರು. ಟೀವಿಯಂಥ ಪೆಟ್ಟಿಗೆಯಲ್ಲಿ ಬೂದಿ ಬಣ್ಣದ ಚಿತ್ರ ಮೂಡಿತು, ಬೀಸಣಿಗೆ ಬಿಚ್ಚಿದ ಹಾಗೆ. ಅದರೊಳಗೆ ಬಾಗಿಲ ಎರಡು ಕದ ತೆರೆದು ಮುಚ್ಚುತ್ತಿದ್ದವು. ಪ್ರತಿ ಸಲ ತೆರೆದಾಗಲೂ ಒಂದು ಬಿಳಿ ಮುದ್ದೆ ಮೇಲಿನ ಕೋಣೆಯಿಂದ ಬಾಗಿಲಿಗೆ ಬಂದು ಇಣುಕಿ, ಮುಚ್ಚಿದಾಗ ಹಿಂದಕ್ಕೆ ಹೋಗುತ್ತಿತ್ತು.

‘ಎಡಗಡೆ ಮೇಲಿನ ಕೋಣೆಯ ಗೋಡೆಗೆ ಒಂದು ತೊಟ್ಟಿನಿಂದ ನೇತಾಡುತ್ತಿದೆ,’ ಎಂದರು ಲೇಡಿ ಡಾಕ್ಟರು. ‘ಎದೆ ತೆರೆದು ತೆಗೆಯಬೇಕು. ಅಷ್ಟು ಹೊತ್ತು ಹೃದಯ ನಿಲ್ಲಿಸಿ, ಅದರ ಕೆಲಸವನ್ನು ಮಷೀನಿಗೆ ವಹಿಸುತ್ತೇವೆ. ನಾಡಿದ್ದೇ ಮಾಡೋಣ, ಕಾಯಿಸುವುದು ಬೇಡ.’

ಹೃದಯ ನಿಲ್ಲಿಸುವುದು! ಹೊನ್ನೂರಮ್ಮ ಈ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಿತ್ತು. ‘ಸ್ವಲ್ಪ ಹೊತ್ತು ಅದಕ್ಕ ವಿಶ್ರಾಂತಿ ಕೊಡ್ತಾರಂತ’ ಎಂದಳು. ಹೊಳೆಮ್ಮ ಅವಳ ಮುಖ ನೋಡಿ, ‘ನಿಲ್ಲಸ್ತಾರ ಅಂದಂಗಾತು’ ಎಂದಳು.

ಮರುದಿನ ಸಂಜೆ ಜಂಬಯ್ಯನೂ, ಚೋರನೂರಿನಿಂದ ಹೊಳೆಮ್ಮನ ಅಣ್ಣ ಭರಮಣ್ಣನೂ ಬಂದು ಇಳಿದರು. ರಕ್ತ ಕೊಡಲು ಅವರಿಬ್ಬರನ್ನೂ ಕೆಳಗೆ ಕರೆದೊಯ್ದಾಗ ವಾರ್ಡಿನಲ್ಲಿ ಹೆಂಗಸರಿಬ್ಬರೇ ಉಳಿದರು. ಹೊನ್ನೂರಮ್ಮ ಹೊಳೆಮ್ಮನ ಕೂದಲು ಬಿಚ್ಚಿ ಎರಡು ಜಡೆ ಹೆಣೆಯುತ್ತಿದ್ದಳು. ಆಪರೇಷನ್ನಿಗೆ ಹಾಗೇ ಹೆಣೆಯಬೇಕೆಂದು ನರ್ಸು ಹೇಳಿ ಹೋಗಿದ್ದಳು. ಮುಖ ಎದುರಿಗಿಲ್ಲದ್ದರಿಂದ ಮಾತು ಬಂತು.

‘ಹೊಳೆವ್ವಾ, ಅವತ್ತು ಡಾಕ್ಟ್ರ ಮುಂದ ನಾ ಹೇಳಿದ್ದು ನಿನ್ನ ಸಲುವಾಗಿ ಅಲ್ಲ.’

‘ಗೊತ್ತೈತಿ ಯಕ್ಕಾ.’

‘ನೀ ನಾಟಕ ಮಾಡ್ತಿ ಅಂತ ತೋರಸಾಕ ಹೇಳಿದ್ದೆ. ಇವರು ಇಲ್ಲಿ ನನಗ ಭೇಷ್ ಅಂತಾರ. ಕೇಳಾಕ ಆಗವಲ್ದು ನನಗ.’

 ‘ನನಗೂ ಹಂಗ ಅನಸ್ತಿತ್ತು,’ ಎಂದಳು ಹೊಳೆಮ್ಮ.

‘ಏನು?’

‘ನಾನ ನಾಟಕ ಮಾಡಾಕ ಹತ್ತೀನೇನೋ ಅಂತ. ಮಲಗಿದ ಕೂಡ್ಲೆ ಆರಾಮಾಗಿ ಬಿಡ್ತಿತ್ತಲ್ಲ. ಆರಾಮಾದ ಮ್ಯಾಲೆ ವಿಚಾರ ಬರೋದು, ಎದ್ದು ಹೋದ್ರ ಹೋಗಬಹುದಿತ್ತೇನೋ, ನನಗ ಮನಸಿಲ್ಲೇನೋ, ಮೈಗಳ್ಳಿ ಆಗೀನೇನೋ. ನೀ ಬರಬ್ಯಾಡ ಅಂದಾಗ ಸಿಟ್ಟೂ ಬರಲಿಲ್ಲ. ಅಕ್ಕಗ ಗೊತ್ತಾತು, ನನಗ ಗೊತ್ತಾಗಲಿಲ್ಲ ಅಂತ ಅನಿಸ್ತು.’

ಹೊನ್ನೂರಮ್ಮನ ಕೈ ಜಡೆಯ ನಡುವೆ ನಿಂತಿತು. ತಾನು ಅಂದ ಮಾತು ಇನ್ನೊಬ್ಬರೊಳಗೆ ಹೋಗಿ ಅವರದೇ ಮಾತಾಗಿ ಬೇರು ಬಿಡಬಹುದೆಂದು ಅವಳು ಎಂದೂ ಯೋಚಿಸಿರಲಿಲ್ಲ. ಎಷ್ಟು ಜನಕ್ಕೆ ಎಷ್ಟೆಷ್ಟು ಅಂದಿದ್ದಳು! ಜಡೆ ಮುಗಿಸಿ, ತುದಿಗೆ ನರ್ಸು ಕೊಟ್ಟ ಬಟ್ಟೆಯ ಪಟ್ಟಿ ಕಟ್ಟಿದಳು. 

ಆಪರೇಷನ್ ಬೆಳಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದರವರೆಗೆ ನಡೆಯಿತು. ಜಂಬಯ್ಯ ಒಂದು ಕಡೆ ಕೂರಲಿಲ್ಲ. ಭರಮಣ್ಣ ಕೂತವನು ಏಳಲಿಲ್ಲ. ಹೊನ್ನೂರಮ್ಮ ಹಂಪಿಯ ವಿರೂಪಾಕ್ಷನನ್ನು ನೆನೆಯಲು ನೋಡಿದಳು. ಪ್ರಾರ್ಥನೆಯ ನಡುವೆ ಪದೇ ಪದೇ ಒಂದೇ ಯೋಚನೆ ನುಗ್ಗುತ್ತಿತ್ತು: ಈ ಹೊತ್ತಿಗೆ ನಿಲ್ಲಿಸಿರಬಹುದೇ, ಈಗ ಮತ್ತೆ ಹೊಡೆದುಕೊಳ್ಳುತ್ತಿರಬಹುದೇ.

ಒಂದೂಕಾಲಿಗೆ ಸರ್ಜನ್ನರೇ ಹೊರಗೆ ಬಂದರು, ಹಿಂದೆ ಲೇಡಿ ಡಾಕ್ಟರು. ಸರ್ಜನ್ನರ ಕೈಯಲ್ಲಿದ್ದ ಗಾಜಿನ ಸೀಸೆಯ ನೀರಿನಂಥ ಔಷಧಿಯಲ್ಲಿ ಒಂದು ಗಡ್ಡೆ ತೇಲುತ್ತಿತ್ತು. ಸೀಬೆಕಾಯಿಯಷ್ಟು ದೊಡ್ಡದು, ತಾಟಿನುಂಗಿನಂತೆ ಲೋಳೆ ಲೋಳೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿದ ಕೆಂಪು. ಒಂದು ಕಡೆ ಗಿಡ್ಡ ತೊಟ್ಟು.

‘ತೊಟ್ಟಿನ ಬುಡದ ಗೋಡೆಯನ್ನೂ ಒಂದಿಷ್ಟು ಕತ್ತರಿಸಿ ತೆಗೆದಿದ್ದಾರೆ, ಮತ್ತೆ ಚಿಗುರಬಾರದೆಂದು. ಆ ತೂತಿಗೆ ತೇಪೆ ಹಾಕಿ ಹೊಲಿದಿದ್ದಾರೆ. ಹೃದಯ ತಾನಾಗಿಯೇ ಹೊಡೆದುಕೊಳ್ಳತೊಡಗಿತು,’ ಎಂದು ಲೇಡಿ ಡಾಕ್ಟರು ತೆಲುಗಿನಲ್ಲಿ ತಿಳಿಸಿದರು. ‘ಪರೀಕ್ಷೆಗೆ ಕಳಿಸುತ್ತೇವೆ, ಆದರೆ ಕ್ಯಾನ್ಸರ್ ಅಲ್ಲವೆಂದೇ ನಮ್ಮ ಅಂದಾಜು.’ ನಾಲ್ಕು ದಿನದ ಮೇಲೆ ಪರೀಕ್ಷೆಯ ಕಾಗದವೂ ಅದನ್ನೇ ಹೇಳಿತು.

ಜಂಬಯ್ಯ ಸೀಸೆಯ ಕಡೆ ನೋಡಲಾರದೆ ಗೋಡೆಗೆ ಹಣೆ ಹಚ್ಚಿ ಅತ್ತ. ಹೊನ್ನೂರಮ್ಮ ಮಾತ್ರ ದಿಟ್ಟಿಸಿ ನೋಡಿದಳು. ಇಷ್ಟು ಮೆತ್ತಗಿನದ್ದು, ಕೈಯಲ್ಲಿ ಹಿಂಡಿದರೆ ಒಡೆಯುವಂಥದ್ದು. ಇದನ್ನು ಒಳಗಿಟ್ಟುಕೊಂಡು ಹೊಳೆಮ್ಮ ಎಷ್ಟು ಎಕರೆ ನಾಟಿ ಹಚ್ಚಿದ್ದಳೋ!

ಚೇತರಿಕೆ ಸುಲಭವಿರಲಿಲ್ಲ. ಎದೆಯ ಎಲುಬನ್ನು ತಂತಿಯಿಂದ ಬಿಗಿದಿದ್ದರು. ಕೆಮ್ಮಿದರೆ ದಿಂಬು ಅಪ್ಪಿಕೊಂಡು ಕೆಮ್ಮಬೇಕು. ಮೂರನೆಯ ದಿನ ಜ್ವರ ಬಂದು ಹೆದರಿಸಿತು. ಏಳನೆಯ ದಿನ ಬೆಳಗ್ಗೆ ನರ್ಸು ಹೊಳೆಮ್ಮನನ್ನು ಮಂಚದಿಂದ ಇಳಿಸಿ ನಿಲ್ಲಿಸಿದಳು. ಹೊನ್ನೂರಮ್ಮ ಎರಡೂ ಕೈ ಚಾಚಿ ಎದುರಿಗೆ ಕಾದಳು. ಹೊಳೆಮ್ಮ ನಿಂತಳು. ತುಟಿಯ ಬಣ್ಣ ಹೋಗಲಿಲ್ಲ. ಕಿಟಕಿಯವರೆಗೆ ನಡೆದು, ಸರಳು ಹಿಡಿದು ಹೊರಗೆ ನೋಡುತ್ತ ನಿಂತಳು. ಸಾಕು ಬಾ ಎಂದರೂ ಬರಲಿಲ್ಲ.

‘ಇನ್ನೊಂದಿಷ್ಟು ನಿಂತಿರ್ತೀನಿ ಯಕ್ಕಾ,’ ಎಂದಳು.

ಊರಿಗೆ ಬಂದ ಮೇಲೆ ಮರಿಸ್ವಾಮಿಯವರಿಗೆ ತೋರಿಸಲು ಹೋದರು. ವೆಲ್ಲೂರಿನ ಕಾಗದ ಓದಿ, ಹೊಳೆಮ್ಮನ ಎದೆಯನ್ನು ಮಲಗಿಸಿಯೂ ನಿಲ್ಲಿಸಿಯೂ ಕೇಳಿ, ವರ್ಷಕ್ಕೊಮ್ಮೆ ವೆಲ್ಲೂರಿಗೆ ಹೋಗಿ ತೋರಿಸಬೇಕೆಂದು ಹೇಳಿದರು. ಹೊಳೆಮ್ಮ ಹೊರಗೆ ಹೋದ ಮೇಲೆ ಹೊನ್ನೂರಮ್ಮ ಹಿಂದುಳಿದು, ಅಂದಿನ ತನ್ನ ಮಾತಿನ ಹಿಂದೆ ಏನಿತ್ತೆಂದು ಅವರಿಗೂ ಹೇಳಿದಳು.

‘ನಾನೂ ಎರಡು ತಿಂಗಳು ಮಲಗಿಸೇ ಕೇಳಿದ್ದೆ,’ ಎಂದರು ಡಾಕ್ಟರು. ‘ಯಾವಾಗ ಬೀಳ್ತೀರಿ, ಹೆಂಗಿದ್ದಾಗ ಬೀಳ್ತೀರಿ ಅಂತ ಕೇಳಲೇ ಇಲ್ಲ. ನಿಮ್ಮ ಮನಸ್ಸಿನಾಗ ಏನಿತ್ತೋ, ಕಣ್ಣಂತೂ ಸರಿಯಾಗೇ ನೋಡಿತ್ತು. ಅದನ್ನ ಇಟ್ಕೊಳ್ರಿ.’

ಅದರಿಂದ ಅವಳಿಗೆ ಪೂರ್ತಿ ಸಮಾಧಾನವಾಯಿತೆನ್ನಲಾಗದು. ಕೆಟ್ಟ ಮನಸ್ಸಿನಿಂದ ಆಡಿದ ಮಾತು ಒಳ್ಳೆಯದನ್ನು ಮಾಡಿತ್ತು. ಒಳ್ಳೆಯ ಮನಸ್ಸಿನಿಂದ ‘ಪಾಪ’ ಎಂದು ಸುಮ್ಮನಿದ್ದಿದ್ದರೆ ಹೊಳೆಮ್ಮ ಬಹುಶಃ ಇರುತ್ತಿರಲಿಲ್ಲ. ಈ ಎರಡನ್ನೂ ಒಂದೇ ಕಡೆ ಹೇಗೆ ಇಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ.

ಮುಂದಿನ ವರ್ಷದ ನಾಟಿಗೆ ಹೊಳೆಮ್ಮ ಮತ್ತೆ ಗುಂಪಿಗೆ ಬಂದಳು. ಡಾಕ್ಟರು ಒಪ್ಪಿದ್ದರು. ಹೊನ್ನೂರಮ್ಮ ಅವಳನ್ನು ಹಸುಗೂಸಿನಂತೆ ನೋಡಿಕೊಂಡಳು. ತಡವಾಗಿ ಬಂದರೂ ಏನೂ ಅನ್ನಳು, ನಡುವೆ ಎದ್ದು ಹೋದರೂ ಕೇಳಳು. ಉಳಿದವರನ್ನು ಬೈಯುತ್ತ ಬಂದವಳು ಹೊಳೆಮ್ಮನ ಹತ್ತಿರ ಬಂದೊಡನೆ ದನಿ ಇಳಿಸುತ್ತಿದ್ದಳು. ನಾಲ್ಕನೆಯ ದಿನ ಹೊಳೆಮ್ಮ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟಳು.

‘ಯಕ್ಕಾ, ನನ್ನ ಸಾಲು ನೋಡೀಯೇನು?’

‘ನೋಡೀನಿ.’

‘ಸೊಟ್ಟ ಐತಿ.’

‘ಇರ್ಲಿ ಬಿಡು.’

‘ಇರ್ಲಿ ಬಿಡು ಅಂದ್ರ? ಎರ್ರಮ್ಮನ ಸಾಲು ಹಿಂಗಿದ್ರ ಬಿಡ್ತಿದ್ದೇನು? ನೀ ಬೈಯೋದು ಬಿಟ್ಟಾಗಿಂದ ನಾ ಇನ್ನೂ ಬ್ಯಾನ್ಯಾಗ ಇದ್ದಂಗ ಅನಸ್ತೈತಿ ನನಗ.’

ಉಳಿದ ಹನ್ನೊಂದು ಜನ ಹೆಂಗಸರೂ ಕೈಯಲ್ಲಿ ಸಸಿ ಹಿಡಿದು ನಿಂತು ನೋಡಿದರು. ಹೊನ್ನೂರಮ್ಮ ಸೆರಗು ಸಿಕ್ಕಿಸಿ ಗದ್ದೆಗಿಳಿದಳು.

‘ಕಣ್ಣು ಎಲ್ಲಿಟ್ಟಿದ್ದೆಲೇ?’ ಎಂದಳು. ಮೊದಲು ಮೆಲ್ಲಗಿದ್ದ ದನಿ ಬರಬರುತ್ತ ಗಟ್ಟಿಯಾಯಿತು. ‘ಇದೇನು ಸಾಲೋ, ಎಮ್ಮಿ ಉಚ್ಚಿ ಹೊಯ್ದ ದಾರಿಯೋ? ಕೀಳು, ಆ ಮೂರೂ ಸಾಲು ಕೀಳು! ನಾ ಕಲಿಸಿದ್ದು ಹಿಂಗೇನು?’

‘ನೀ ಕಲಿಸಿದ್ದೇ ಹಿಂಗ,’ ಎಂದಳು ಹೊಳೆಮ್ಮ, ಮತ್ತು ಬಗ್ಗಿ ಸಸಿ ಕೀಳತೊಡಗಿದಳು.